ಹವ್ಯಾಸವು ಕಾಯಕವಾಗುವ ಬಗೆ: ಕಸೂತಿಯ ನಿದರ್ಶನ

ಬಸವಾದಿ ಶರಣರು 12ನೆಯ ಶತಮಾನದಲ್ಲಿ ದುಡಿಮೆಗೆ ಕಾಯಕವೆಂಬ ಹೆಸರನ್ನಿತ್ತು, ಅದಕ್ಕೆ ಪೂಜೆಗೆ ಸಮನಾದ ಸ್ಥಾನವನ್ನು ಕಲ್ಪಿಸಿದರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಮೇದಾರ ಕೇತಯ್ಯನವರು ಬಿದಿರಿನ ಬುಟ್ಟಿ ಹೆಣೆದರು. ಕದಿರ ರೆಮ್ಮವ್ವೆಯವರು ನೂಲು ತೆಗೆದರು. ಅವರಿಗೆ ಕೈಕೆಲಸವೇ ಜೀವನೋಪಾಯವಾಗಿತ್ತು. ಇಂದು ಅನೇಕರ ಬದುಕಿನಲ್ಲಿ ಉದ್ಯೋಗವೊಂದು, ಮನಸ್ಸಿಗೆ ಹಿಡಿಸಿದ ಕೈಕೆಲಸ ಮತ್ತೊಂದು. ಎರಡನೆಯದನ್ನು ನಾವು ಹವ್ಯಾಸವೆಂದು ಕರೆಯುತ್ತೇವೆ. ಸಂಸಾರದ ವೆಚ್ಚ ಏರುತ್ತಿರುವ ಈ ದಿನಗಳಲ್ಲಿ, ಆ ಹವ್ಯಾಸದಿಂದಲೇ ಸ್ವಲ್ಪ ಆದಾಯ ಪಡೆಯಬಹುದೇ ಎಂದು ಭಕ್ತರು, ಅದರಲ್ಲೂ ಗೃಹಿಣಿಯರು, ಕೇಳುವುದುಂಟು. ಅದಕ್ಕೆ ಉತ್ತರವಾಗಿ ನಮ್ಮ ನಾಡಿನದೇ ಆದ ಕಸೂತಿಯನ್ನು ನಿದರ್ಶನವಾಗಿಟ್ಟುಕೊಂಡು ಕೆಲವು ವಿಚಾರಗಳನ್ನು ಇಲ್ಲಿ ವಿವರಿಸಲಾಗಿದೆ.

ಕಸೂತಿ ಎಂಬ ಮನೆಗಲೆ

ಧಾರವಾಡ ಸೀಮೆಯ ಹೆಣ್ಣುಮಕ್ಕಳು ಇಳಕಲ್ ಸೀರೆಯ ಮೇಲೆಯೂ, ಮದುವೆಯ ಕರಿ ಚಂದ್ರಕಾಳಿ ಸೀರೆಯ ಮೇಲೆಯೂ ಕಸೂತಿ ಹಾಕುತ್ತ ಬಂದವರು. ಗವಂತಿ, ಮುರಗಿ, ನೇಯ್ಗೆ, ಮೆಂತಿ ಎಂಬ ನಾಲ್ಕು ಬಗೆಯ ಹೊಲಿಗೆಗಳೇ ಇದರ ಆಧಾರ. ಗವಂತಿಯಲ್ಲಿ ಸೂಜಿಯು ಎಡೆ ಬಿಡುತ್ತ ಮುಂದೆ ಸಾಗಿ, ಮರಳಿ ಬರುವಾಗ ಆ ಎಡೆಗಳನ್ನು ತುಂಬುತ್ತದೆ. ಮುರಗಿಯು ಮೆಟ್ಟಿಲಿನಂತೆ ಏರಿಳಿಯುತ್ತದೆ. ಈ ಎರಡರಲ್ಲಿಯೂ ಬಟ್ಟೆಯ ಒಳ ಹೊರ ಮಗ್ಗುಲುಗಳು ಒಂದೇ ತೆರನಾಗಿ ಕಾಣಬೇಕು. ಎಲ್ಲಿಯೂ ಗಂಟು ಇರಕೂಡದು. ನೇಯ್ಗೆಯು ಮಗ್ಗದಲ್ಲಿ ನೇಯ್ದಂತೆ ತೋರಿದರೆ, ಮೆಂತಿಯು ಅಡ್ಡಡ್ಡ ಹೊಲಿಗೆಯಿಂದ ಚಿತ್ರವನ್ನು ತುಂಬುತ್ತದೆ. ಗೋಪುರ, ತೇರು, ಪಲ್ಲಕ್ಕಿ, ಆನೆ, ಗಿಳಿ, ನವಿಲು ಮುಂತಾದ ಚಿತ್ತಾರಗಳನ್ನು ಬಟ್ಟೆಯ ಮೇಲೆ ಗುರುತು ಹಾಕಿಕೊಳ್ಳದೆ, ಎಳೆಗಳನ್ನು ಎಣಿಸಿಯೇ ಮೂಡಿಸುವುದು ಸಂಪ್ರದಾಯ. ಎಳೆ ಎಣಿಸಲಾಗದ ನಯವಾದ ಬಟ್ಟೆಯ ಮೇಲೆ ಮ್ಯಾಟಿ ಬಟ್ಟೆಯನ್ನಿಟ್ಟು ಹೊಲಿದು, ಕೆಲಸ ಮುಗಿದ ನಂತರ ಅದರ ಎಳೆಗಳನ್ನು ಹಿರಿದು ತೆಗೆಯುವ ಉಪಾಯವೂ ಇದೆ.

ಈ ಕಲೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ಆದರೆ ಇದನ್ನು ಬಲ್ಲ ಅನೇಕ ತಾಯಂದಿರು ತಮ್ಮ ಶ್ರಮಕ್ಕೆ ಬೆಲೆಯುಂಟೆಂದು ಭಾವಿಸಿಲ್ಲ. ‘ಸುಮ್ಮನೆ ಕೂತಾಗ ಹಾಕಿದ್ದು’ ಎಂಬ ಒಂದೇ ಮಾತಿನಲ್ಲಿ ಹತ್ತಾರು ತಾಸುಗಳ ದುಡಿಮೆ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಹವ್ಯಾಸಕ್ಕೂ ಕಾಯಕಕ್ಕೂ ಇರುವ ಅಂತರ

ಹವ್ಯಾಸದಲ್ಲಿ ನಮ್ಮ ಮನಸ್ಸೇ ಯಜಮಾನ. ಬೇಕಾದಾಗ ಸೂಜಿ ಹಿಡಿಯಬಹುದು, ಬೇಸರವಾದಾಗ ಬಿಡಬಹುದು. ಮತ್ತೊಬ್ಬರಿಂದ ಹಣ ಪಡೆದ ಕ್ಷಣದಿಂದ ಮೂರು ಹೊಣೆಗಳು ಸೇರಿಕೊಳ್ಳುತ್ತವೆ: ಹೇಳಿದ ದಿನಕ್ಕೆ ಮುಗಿಸುವುದು, ಒಪ್ಪಿದ ಗುಣಮಟ್ಟವನ್ನು ಕಾಯ್ದುಕೊಳ್ಳುವುದು, ಬೆಲೆಯಲ್ಲಿ ಸತ್ಯವಾಗಿರುವುದು. ಯಂತ್ರದಲ್ಲಿ ಹೊಲಿದುದನ್ನು ಕೈಕಸೂತಿಯೆಂದು ಮಾರುವುದು ಕಾಯಕವಾಗದು. ಬಣ್ಣ ಬಿಡುವ ದಾರವನ್ನು ಅರಿತೂ ಬಳಸುವುದೂ ಹಾಗೆಯೇ. ಆದ್ದರಿಂದ ಮೊದಲು ಒಂದೆರಡು ಕುಪ್ಪಸದ ಕಣ, ಕೈಚೀಲ, ಮೇಜಿನ ಹೊದಿಕೆಗಳನ್ನು ತಯಾರಿಸಿ, ಒಗೆದು ನೋಡಿ, ಪ್ರತಿಯೊಂದಕ್ಕೂ ತಗಲಿದ ತಾಸುಗಳನ್ನು ಬರೆದಿಟ್ಟುಕೊಳ್ಳುವುದು ಲೇಸು.

ಬೆಲೆ ಕಟ್ಟುವ ಕ್ರಮ

ಹೆಚ್ಚಿನವರು ಎಡವುವುದು ಇಲ್ಲಿಯೇ. ಲೆಕ್ಕದ ಅನುಕೂಲಕ್ಕಾಗಿ ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಒಂದು ಕುಪ್ಪಸದ ಬಟ್ಟೆಗೆ 250 ರೂಪಾಯಿ, ದಾರಕ್ಕೆ 40 ರೂಪಾಯಿ, ಕಟ್ಟುವ ಹಾಗೂ ಕಳುಹಿಸುವ ವೆಚ್ಚ 30 ರೂಪಾಯಿ. ಒಟ್ಟು 320 ರೂಪಾಯಿ. ಕೆಲಸಕ್ಕೆ 20 ತಾಸು ಹಿಡಿಯಿತೆನ್ನೋಣ. ಅದನ್ನು 800 ರೂಪಾಯಿಗೆ ಮಾರಿದರೆ ಕೈಯಲ್ಲಿ ಉಳಿಯುವುದು 480 ರೂಪಾಯಿ, ಅಂದರೆ ತಾಸಿಗೆ 24 ರೂಪಾಯಿ. ತಾಸಿಗೆ 60 ರೂಪಾಯಿಯಾದರೂ ಬೇಕೆಂದರೆ ಬೆಲೆಯು 1,520 ರೂಪಾಯಿ ಆಗಬೇಕು. ಕೊಳ್ಳುವವರಿಗೆ ಅದು ಹೆಚ್ಚೆನಿಸಿದರೆ, ಕೂಲಿಯನ್ನು ಇಳಿಸುವ ಬದಲು ಚಿತ್ತಾರವನ್ನು ಚಿಕ್ಕದಾಗಿಸಬಹುದು. ತೋಳಿನ ಅಂಚಿಗೆ ಮಾತ್ರ ಹಾಕಿದ ಕಸೂತಿಗೆ ತಾಸುಗಳು ಕಡಿಮೆ, ಬೆಲೆಯೂ ಕಡಿಮೆ.

ಬಿಡುವಿನ ಕೆಲಸವೆಂದು ಒಬ್ಬರು ತೀರ ಅಗ್ಗವಾಗಿ ಮಾರಿದರೆ, ಅದರಿಂದಲೇ ಒಲೆ ಹೊತ್ತಿಸುವ ಇನ್ನೊಬ್ಬ ಸೋದರಿಯ ಅನ್ನಕ್ಕೆ ಅದು ಕುಂದಾಗುತ್ತದೆ. ಈ ಎಚ್ಚರವು ಹವ್ಯಾಸಿಗಳಿಗೆ ಅತ್ಯಗತ್ಯ.

ಮಾರಾಟ ಮತ್ತು ನಿಯಮಗಳು

ಪರಿಚಿತರ ವಲಯ, ಸ್ತ್ರೀಶಕ್ತಿ ಹಾಗೂ ಸ್ವಸಹಾಯ ಸಂಘಗಳ ಮೇಳಗಳು, ಮಠದ ಜಾತ್ರೆಯ ಮಳಿಗೆಗಳು ಆರಂಭಕ್ಕೆ ಯೋಗ್ಯವಾದ ತಾಣಗಳು. ಮುಂಗಡವಾಗಿ ಅರ್ಧ ಹಣ ಪಡೆಯುವುದು, ಒಪ್ಪಿದ ವಿವರವನ್ನು ಬರೆದಿಡುವುದು ಇಬ್ಬರಿಗೂ ಕ್ಷೇಮ. ಕೇಂದ್ರ ಸರ್ಕಾರದ ಕರಕುಶಲ ವಿಭಾಗವು ಕುಶಲಕರ್ಮಿಗಳಿಗೆ ‘ಪೆಹಚಾನ್’ ಗುರುತಿನ ಚೀಟಿ ನೀಡುತ್ತದೆ. ಸಣ್ಣ ಉದ್ಯಮವಾಗಿ ಬೆಳೆಸಬಯಸುವವರು ‘ಉದ್ಯಮ್’ ನೋಂದಣಿಯನ್ನು ಶುಲ್ಕವಿಲ್ಲದೆ ಮಾಡಿಸಿಕೊಳ್ಳಬಹುದು. ಅದಕ್ಕೆಂದು ಮಧ್ಯವರ್ತಿಗಳಿಗೆ ಹಣ ತೆರಬೇಕಿಲ್ಲ. 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಹೊಲಿಗೆ, ಬುಟ್ಟಿ ಹೆಣೆಯುವುದು, ಹೂಮಾಲೆ ಕಟ್ಟುವುದು, ಗೊಂಬೆ ತಯಾರಿಕೆ ಸೇರಿವೆ. ಕಸೂತಿಗೆ ಪ್ರತ್ಯೇಕ ಸ್ಥಾನವಿಲ್ಲ.

ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ಮೀರುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಗ್ರಾಹಕರೇ ತಂದ ಬಟ್ಟೆಯ ಮೇಲೆ ಕಸೂತಿ ಹಾಕಿಕೊಡುವುದು ಸೇವೆಯೆನಿಸುತ್ತದೆ. ಅದಕ್ಕೆ ಮಿತಿ 20 ಲಕ್ಷ. ಹೊರರಾಜ್ಯಗಳಿಗೆ ಹಾಗೂ ಆನ್‌ಲೈನ್ ಮಾರಾಟ ತಾಣಗಳ ಮೂಲಕ ಮಾರುವವರಿಗೆ ಬೇರೆ ನಿಯಮಗಳಿರುವುದರಿಂದ ಲೆಕ್ಕಪರಿಶೋಧಕರ ಸಲಹೆ ಪಡೆಯತಕ್ಕದ್ದು. ಆದಾಯ ತೆರಿಗೆಯ ವಿವರ ಸಲ್ಲಿಸುವವರು ಈ ಗಳಿಕೆಯನ್ನೂ ತೋರಿಸಬೇಕು. ಸರ್ಕಾರಿ ನೌಕರಿಯಲ್ಲಿರುವವರು ನಡತೆ ನಿಯಮಗಳನ್ನು ತಿಳಿದುಕೊಂಡು, ಅನುಮತಿ ಪಡೆದೇ ಮುಂದಡಿಯಿಡಬೇಕು.

ಲಕ್ಕಮ್ಮನವರು ತೋರಿದ ಅಳತೆ

ಹೆಚ್ಚುವರಿ ಆದಾಯದ ಮಾತು ಬಂದಾಗ ಆಯ್ದಕ್ಕಿ ದಂಪತಿಗಳ ನೆನಪಾಗುವುದು ಸಹಜ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನವರ ಕಾಯಕ. ಒಂದು ದಿನ ಅವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಅದನ್ನು ಒಪ್ಪದೆ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಪತಿಯನ್ನು ಮರಳಿ ಕಳುಹಿಸಿದರು. ತಮ್ಮ ನಿತ್ಯದ ಅಕ್ಕಿಯಲ್ಲಿಯೇ ಆ ದಂಪತಿಗಳು ದಾಸೋಹವನ್ನೂ ನಡೆಸಿದರು.

ಹಾಗಾದರೆ ಹೆಚ್ಚು ಗಳಿಸುವುದೇ ತಪ್ಪೇ ಎಂಬ ಸಂದೇಹ ಮೂಡಬಹುದು. ಮಾರಯ್ಯನವರು ಆ ದಿನ ತಂದುದು ಅಗತ್ಯವನ್ನು ಮೀರಿದ ಸಂಗ್ರಹ. ಅದರ ಹಿಂದಿದ್ದ ಆಸೆಯನ್ನು ಲಕ್ಕಮ್ಮನವರು ಗುರುತಿಸಿದರು. ಮಗಳ ಶುಲ್ಕ, ಅತ್ತೆಯವರ ಔಷಧ, ಮನೆಯ ಸಾಲ ಇವೆಲ್ಲ ನಿಜವಾದ ಅಗತ್ಯಗಳು. ಅವುಗಳಿಗಾಗಿ ಸತ್ಯಶುದ್ಧವಾಗಿ ದುಡಿಯುವುದನ್ನು ಶರಣರು ಎಂದೂ ನಿರಾಕರಿಸಲಿಲ್ಲ. ಆದರೆ ಬೇಡಿಕೆ ಬಂದಷ್ಟನ್ನೂ ಒಪ್ಪಿಕೊಂಡು, ನಿದ್ದೆಗೆಟ್ಟು, ಕಣ್ಣು ಕೆಡಿಸಿಕೊಂಡು, ಲಿಂಗಪೂಜೆಗೂ ಮಕ್ಕಳ ಮಾತಿಗೂ ಬಿಡುವಿಲ್ಲದಂತಾದರೆ ಲಕ್ಕಮ್ಮನವರ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕಾಗುತ್ತದೆ. ತಿಂಗಳಿಗೆ ಎಷ್ಟು ತಾಸು ಈ ಕೆಲಸಕ್ಕೆ ಎಂದು ಮೊದಲೇ ನಿಶ್ಚಯಿಸಿ, ಅದನ್ನು ಮೀರಿದ ಬೇಡಿಕೆಯನ್ನು ನೆರೆಯ ಸೋದರಿಗೆ ಒಪ್ಪಿಸುವುದು ಅನುಸರಿಸಬಹುದಾದ ಮಾರ್ಗ. ಹಾಗೆಯೇ ವರ್ಷಕ್ಕೆ ಒಂದಾದರೂ ಚಿತ್ತಾರವನ್ನು ಮಾರಾಟಕ್ಕಿಡದೆ ತಮ್ಮ ಸಂತೋಷಕ್ಕಾಗಿಯೇ ಹಾಕಿಕೊಳ್ಳಬೇಕು; ಕಲೆಯ ಮೇಲಿನ ಪ್ರೀತಿ ಬತ್ತದಿರಲು ಅದು ಸಹಾಯಕ.

ಗಳಿಕೆಯ ಒಂದು ಪಾಲು ದಾಸೋಹಕ್ಕೆ ಸಲ್ಲಬೇಕೆಂಬುದು ನಮ್ಮ ಪರಂಪರೆ. ಹಣದ ಜೊತೆಗೆ ವಿದ್ಯೆಯೂ ದಾಸೋಹವೇ. ವಾರಕ್ಕೆ ಒಂದು ತಾಸು ಓಣಿಯ ನಾಲ್ಕು ಹೆಣ್ಣುಮಕ್ಕಳಿಗೆ ಗವಂತಿ, ಮುರಗಿ ಕಲಿಸಿದರೆ ಅವರ ಕೈಗೂ ಒಂದು ಆಸರೆಯಾಗುತ್ತದೆ, ಕಲೆಯೂ ಮುಂದಿನ ತಲೆಮಾರಿಗೆ ಉಳಿಯುತ್ತದೆ. ಕಸೂತಿಗೆ ಹೇಳಿದ ಈ ಮಾತುಗಳು ರೊಟ್ಟಿ, ಚಟ್ನಿಪುಡಿ ಮಾಡುವವರಿಗೂ, ಕೌದಿ ಹೊಲಿಯುವವರಿಗೂ, ಸಂಗೀತ ಕಲಿಸುವವರಿಗೂ ಅನ್ವಯಿಸುತ್ತವೆ. ಸದ್ಭಕ್ತರು ತಮ್ಮ ಕೈಯಲ್ಲಿರುವ ವಿದ್ಯೆಯನ್ನು ಅಲ್ಪವೆಂದು ತಿಳಿಯದೆ, ಹಿತಮಿತವಾಗಿ, ಸತ್ಯಶುದ್ಧವಾಗಿ ಬಳಸಿಕೊಳ್ಳಲಿ.