ಎಸರಿನ ಲೆಕ್ಕ

ಜೋಳದ ರೊಟ್ಟಿ ಮಾಡುವ ಬಗೆಯನ್ನು ಮೊಬೈಲಿನಲ್ಲಿ ಹುಡುಕಿದರೆ ವಿಡಿಯೊಗಳು ಸಾಲುಗಟ್ಟುತ್ತವೆ. ಹೆಚ್ಚಿನವುಗಳಲ್ಲಿ ಒಂದೇ ಮಾತು: ಒಂದು ಕಪ್ ಹಿಟ್ಟು, ಒಂದು ಕಪ್ ಬಿಸಿ ನೀರು, ಚಿಟಿಕೆ ಉಪ್ಪು. ಬೆಂಗಳೂರು, ಪುಣೆಯ ಬಾಡಿಗೆ ಕೋಣೆಗಳಲ್ಲಿ ಇದನ್ನು ನೋಡಿ ಹಿಟ್ಟು ಕಲಸಿದ ನಮ್ಮ ಕಡೆಯ ಹುಡುಗ ಹುಡುಗಿಯರಿಗೆ ಬಡಿಯುವಾಗ ಅಂಚು ಸೀಳುತ್ತದೆ, ಎತ್ತುವಾಗ ರೊಟ್ಟಿ ಮುರಿಯುತ್ತದೆ. ಕೈ ಪಳಗಿಲ್ಲ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಕೈ ಪಳಗಬೇಕು ನಿಜ. ಆದರೆ ಎಷ್ಟೋ ಸಲ ರೊಟ್ಟಿ ಕೆಟ್ಟಿರುವುದು ಕೈಗೆ ಬರುವ ಮೊದಲೇ, ನೀರು ಹಿಟ್ಟಿಗೆ ಬಿದ್ದ ಆ ಅರ್ಧ ನಿಮಿಷದಲ್ಲಿ.

ಮುಂಡರಗಿ ತಾಲೂಕಿನ ಹಮ್ಮಿಗಿ ತುಂಗಭದ್ರೆಯ ದಂಡೆಯ ಊರು. ಸಿಂಗಟಾಲೂರು ಏತ ನೀರಾವರಿಯ ಬ್ಯಾರೇಜು ಇರುವುದು ಇಲ್ಲೇ. ದಿನಾ ರೊಟ್ಟಿಯ ಸಪ್ಪಳ ಕೇಳುವ ಇಲ್ಲಿನ ಅಡಿಗೆಮನೆಯೊಂದರಲ್ಲಿ ಇಂಥ ವಿಧಾನಗಳನ್ನು ಒರೆಗೆ ಹಚ್ಚಿ ನೋಡಿದೆವು. ಒಲೆಯ ಮುಂದೆ ಚಿಗವ್ವ, ಪಕ್ಕದಲ್ಲಿ ತೂಕದ ಯಂತ್ರ ಮತ್ತು ಉಷ್ಣಮಾಪಕ ಹಿಡಿದ ನಾನು. ವಿಡಿಯೊ ಮುಗಿಯುವ ಮೊದಲೇ ಚಿಗವ್ವ ಕೇಳಿದ ಪ್ರಶ್ನೆಯಲ್ಲೇ ಅರ್ಧ ವಿಜ್ಞಾನವಿತ್ತು: “ಬಿಸಿ ನೀರು ಅಂದ್ರ ಎಷ್ಟು ಬಿಸಿ? ಕೈ ಸುಡೂವಷ್ಟೋ, ಎಸರು ಕುದಿಯೂವಷ್ಟೋ? ಅದನ್ನ ಹೇಳಲೇ ಇಲ್ಲಲ್ಲವಾ ಆಕಿ.”

ಗೋಧಿ ಹಿಟ್ಟಿಗೆ ಈ ಪ್ರಶ್ನೆ ಬೇಕಿಲ್ಲ. ತಣ್ಣೀರು ಹಾಕಿ ನಾದಿದರೂ ಅದರ ಪ್ರೋಟೀನುಗಳು ಒಂದಕ್ಕೊಂದು ಹೆಣೆದುಕೊಂಡು ಗ್ಲುಟೆನ್ ಎಂಬ ಎಳೆದರೆ ಹಿಗ್ಗುವ ಜಾಲವಾಗುತ್ತವೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಅದರ ಮುಖ್ಯ ಪ್ರೋಟೀನು ಕಾಫಿರಿನ್. ಅದು ಕಣ್ಣಿಗೆ ಕಾಣದಷ್ಟು ಸಣ್ಣ ಗುಂಡುಗಳಲ್ಲಿ ಮುಚ್ಚಿಕೊಂಡಿರುತ್ತದೆ, ನೀರಿನೊಂದಿಗೆ ಬೆರೆಯುವುದೂ ಇಲ್ಲ. ಎಷ್ಟು ನಾದಿದರೂ ಜಾಲವಾಗುವುದಿಲ್ಲ. ಹಾಗಾಗಿ ಜೋಳದ ಹಿಟ್ಟಿಗೆ ಜಿಗಿ ಬರಬೇಕಾದರೆ ಅದು ಪಿಷ್ಟದಿಂದಲೇ ಬರಬೇಕು. ಪಿಷ್ಟದ ಕಣಗಳು ತಣ್ಣೀರಿನಲ್ಲಿ ಸುಮ್ಮನೆ ಕೂತಿರುತ್ತವೆ. ಸುಮಾರು 68ರಿಂದ 78 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಅವು ನೀರು ಕುಡಿದು ಉಬ್ಬುತ್ತವೆ, ಒಳಗಿನ ಅಮೈಲೋಸ್ ಎಳೆಗಳು ಹೊರಗೆ ಸೋರಿ ಅಂಟಾಗುತ್ತವೆ. ರೊಟ್ಟಿಯನ್ನು ಹಿಡಿದಿಡುವುದು ಈ ಅಂಟು.

ಈಗ ಎಸರಿನ ಲೆಕ್ಕಕ್ಕೆ ಬರೋಣ. ಹಿಟ್ಟನ್ನು ಬಿಸಿ ಮಾಡಲು ಬೇಕಾಗುವ ಶಾಖ ಅಷ್ಟೇ ತೂಕದ ನೀರಿಗೆ ಬೇಕಾಗುವುದರ ಸುಮಾರು ಐದರಲ್ಲಿ ಎರಡು ಪಾಲು. ಕೋಣೆಯಲ್ಲಿ 30 ಡಿಗ್ರಿಯಲ್ಲಿದ್ದ 100 ಗ್ರಾಂ ಹಿಟ್ಟಿಗೆ, ಕುದಿಯುತ್ತಿರುವ 100 ಗ್ರಾಂ ನೀರು ಸುರಿದಿರಿ ಎನ್ನಿ. ಹಮ್ಮಿಗಿಯ ಎತ್ತರದಲ್ಲಿ ನೀರು ಕುದಿಯುವುದು ಸುಮಾರು 98 ಡಿಗ್ರಿಗೆ. ಎರಡೂ ಕೂಡಿದ ಮುದ್ದೆ ಲೆಕ್ಕದ ಪ್ರಕಾರ 78 ಡಿಗ್ರಿ ಆಸುಪಾಸಿನಲ್ಲಿ ನಿಲ್ಲುತ್ತದೆ. ತಣ್ಣನೆಯ ಸ್ಟೀಲ್ ಪರಾತ ಸ್ವಲ್ಪ ಶಾಖ ಹೀರಿದರೂ ಪಿಷ್ಟ ಬೇಯುವ ಗಡಿಯೊಳಗೇ ಇರುತ್ತದೆ. ಅದೇ ನೀರನ್ನು ಒಲೆಯಿಂದ ಇಳಿಸಿಟ್ಟು, ಫೋನು ನೋಡಿ ಬರುವಷ್ಟರಲ್ಲಿ ಅದು 70ಕ್ಕೆ ಇಳಿದಿತ್ತು ಎನ್ನಿ. ಮುಟ್ಟಿದರೆ ಆಗಲೂ ಕೈ ಸುಡುತ್ತದೆ, ವಿಡಿಯೊ ಹೇಳಿದ ‘ಬಿಸಿ ನೀರು’ ಎನ್ನುವುದಕ್ಕೆ ಅಡ್ಡಿಯಿಲ್ಲ. ಆದರೆ ಕಲಸಿದ ಮುದ್ದೆ 59ನ್ನು ದಾಟುವುದಿಲ್ಲ, ಪಿಷ್ಟ ಹಸಿಯಾಗೇ ಉಳಿಯುತ್ತದೆ. ಅಳತೆಯೆಲ್ಲ ಸರಿಯಾಗಿದ್ದೂ ರೊಟ್ಟಿ ಸೀಳುವುದು ಹೀಗೆ. ಈ ವ್ಯತ್ಯಾಸವನ್ನು ಪರಾತದಲ್ಲಿ ಕಣ್ಣಾರೆ ಕಾಣಬಹುದು: ಕುದಿಯುವ ಎಸರು ಬಿದ್ದಲ್ಲಿ ಬಿಳಿ ಹಿಟ್ಟು ಮಾಸಲು ಬಣ್ಣಕ್ಕೆ ತಿರುಗಿ, ಚಮಚಕ್ಕೆ ಅಂಟಿ ಎಳೆ ಎಳೆಯಾಗಿ ಬರುತ್ತದೆ. ನೀರು ಆರಿದ್ದರೆ ಹಿಟ್ಟು ಒದ್ದೆ ಮರಳಾಗುತ್ತದೆ, ಅಷ್ಟೆ.

ಹಾಗಂತ ಹಿಟ್ಟೆಲ್ಲ ಬೆಂದರೂ ಕೆಲಸ ಕೆಟ್ಟಿತು, ಅದನ್ನು ಬಡಿಯಲು ಬರುವುದಿಲ್ಲ. ಅದಕ್ಕೇ ಚಿಗವ್ವ ಹಿಟ್ಟಿನ ನಡುವೆ ಗುಣಿ ಮಾಡಿ ಎಸರು ಸುರಿದು, ಸುತ್ತಲಿನ ಒಣ ಹಿಟ್ಟನ್ನು ಆಮೇಲೆ ಒಳಗೆ ಎಳೆದುಕೊಂಡು, ತಣ್ಣೀರಿನ ಕೈಯಿಂದ ನಾದುತ್ತಾಳೆ. ಬೆಂದದ್ದು ಅಂಟು, ಬೇಯದ್ದು ಮೈ. ಎರಡರ ಪ್ರಮಾಣ ಯಾವ ವಿಡಿಯೊದಲ್ಲೂ ಇಲ್ಲ. ಅದು ಆ ಗುಣಿಯ ಅಗಲದಲ್ಲಿದೆ.

ಇನ್ನೊಂದು ಸಲಹೆ, ನಾದಿದ ಹಿಟ್ಟನ್ನು ಒದ್ದೆ ಬಟ್ಟೆ ಮುಚ್ಚಿ ಅರ್ಧ ತಾಸು ಬಿಡಿ ಎಂಬುದು. ಇದು ಗೋಧಿಯ ಪಾಠ. ಗ್ಲುಟೆನ್ ಜಾಲ ಬಿಗಿ ಸಡಿಲಿಸಲು ಹೊತ್ತು ಬೇಕು, ಅದಕ್ಕೆ ಚಪಾತಿ ಹಿಟ್ಟನ್ನು ನೆನೆಯಲು ಬಿಡುತ್ತೇವೆ. ಜೋಳದಲ್ಲಿ ಆಗುವುದು ಉಲ್ಟಾ. ಹಿಟ್ಟು ಆರಿದ ಹಾಗೆ ಬಿಚ್ಚಿಕೊಂಡಿದ್ದ ಅಮೈಲೋಸ್ ಎಳೆಗಳು ಮತ್ತೆ ಒಂದಕ್ಕೊಂದು ಒತ್ತಿಕೊಂಡು ಬಿರುಸಾಗುತ್ತವೆ. ನಾವು ಒಂದೇ ಮುದ್ದೆಯನ್ನು ಎರಡು ಪಾಲು ಮಾಡಿ, ಒಂದನ್ನು ಆಗಲೇ ಬಡಿದು ಇನ್ನೊಂದನ್ನು ಮುಚ್ಚಿಟ್ಟೆವು. ಮುಚ್ಚಿಟ್ಟದ್ದು ಅಂಗೈ ಅಗಲವಾಗುವಷ್ಟರಲ್ಲೇ ಅಂಚು ಬಿಟ್ಟಿತು. ಈ ಕಡೆ ಹಿಟ್ಟನ್ನೆಲ್ಲ ಒಮ್ಮೆಗೇ ನಾದದೆ, ಕೆಲವು ರೊಟ್ಟಿಗೆ ಸಾಕಾಗುವಷ್ಟನ್ನು ಆಗಾಗ ನಾದಿಕೊಳ್ಳುವುದಕ್ಕೆ ಇದೇ ಕಾರಣ.

ಇಂಥ ಪರೀಕ್ಷೆ ವಿಜ್ಞಾನಿಗಳಿಗೂ ಹೊಸದಲ್ಲ. ಹೈದರಾಬಾದಿನ ಹತ್ತಿರದ ಪಟಾನ್‌ಚೆರುವಿನಲ್ಲಿರುವ ಇಕ್ರಿಸ್ಯಾಟ್ ಸಂಸ್ಥೆ 1981ರ ಅಕ್ಟೋಬರಿನಲ್ಲಿ ಜೋಳದ ಕಾಳಿನ ಗುಣಮಟ್ಟದ ಬಗ್ಗೆಯೇ ಅಂತರರಾಷ್ಟ್ರೀಯ ಗೋಷ್ಠಿ ನಡೆಸಿತು. ಡಿ. ಎಸ್. ಮೂರ್ತಿ, ವಿ. ಸುಬ್ರಮಣಿಯನ್ ಅವರು ರೊಟ್ಟಿಯನ್ನು ಒರೆಗೆ ಹಚ್ಚುವ ಕ್ರಮವನ್ನು ಅಲ್ಲಿ ಮುಂದಿಟ್ಟರು: ಹಿಟ್ಟು ಎಷ್ಟು ನೀರು ಹಿಡಿಯುತ್ತದೆ, ನಾದಲು ಹೇಗೆ ಬರುತ್ತದೆ, ಎಷ್ಟು ಅಗಲಕ್ಕೆ ಹರಿಯದೆ ನಿಲ್ಲುತ್ತದೆ, ಸುಟ್ಟ ರೊಟ್ಟಿ ಇಟ್ಟರೆ ಹೇಗಿರುತ್ತದೆ. ಹೊಸ ತಳಿಗಳನ್ನು ಹೋಲಿಸಲು ಅವರು ಇಟ್ಟುಕೊಂಡ ಅಳತೆಗೋಲು ಎಂ 35-1, ನಮ್ಮ ಎರೆ ಭೂಮಿಯಲ್ಲಿ ಹಿಂಗಾರಿಗೆ ಬಿತ್ತುವ ಅದೇ ಮಾಲ್ದಂಡಿ. ಇಳುವರಿ ಹೆಚ್ಚು ಕೊಡುವ ತಳಿಯ ರೊಟ್ಟಿ ಚೆನ್ನಾಗಿರದಿದ್ದರೆ ಅದು ಮನೆಗಳಲ್ಲಿ ನಿಲ್ಲುವುದಿಲ್ಲ ಎಂಬುದನ್ನು ಅವರು ಗಂಭೀರವಾಗಿ ತೆಗೆದುಕೊಂಡಿದ್ದರು. ಅಡಿಗೆಮನೆಯ ಅನುಭವಕ್ಕೆ ಪ್ರಯೋಗಶಾಲೆ ಕೊಟ್ಟ ಈ ಗೌರವ ನನಗೆ ಬಹಳ ದೊಡ್ಡದಾಗಿ ಕಾಣುತ್ತದೆ.

ಕಪ್ಪಿನ ವಿಚಾರವೂ ಇದೆ. ಅಮೆರಿಕದ ಕಪ್ 237 ಮಿಲಿಲೀಟರ್, ಆಸ್ಟ್ರೇಲಿಯಾದ್ದು 250, ನಮ್ಮ ಮನೆಯ ಚಹಾ ಕಪ್ಪಿಗೆ ಲೆಕ್ಕವೇ ಇಲ್ಲ. ಮೇಲಾಗಿ ಹಿಟ್ಟನ್ನು ಒತ್ತಿ ತುಂಬಿದರೆ ಒಂದು ತೂಕ, ಉದುರಿಸಿ ತುಂಬಿದರೆ ಇನ್ನೊಂದು. ತೂಕ ಮಾಡಿದರೆ ಈ ಗೊಂದಲವೆಲ್ಲ ಹೋಗುತ್ತದೆ.

ಹಿಟ್ಟಿನ ವಯಸ್ಸನ್ನು ಮಾತ್ರ ತೂಕದ ಯಂತ್ರ ಹೇಳುವುದಿಲ್ಲ. ಜೋಳದಲ್ಲಿ ನೂರಕ್ಕೆ ಮೂರರಷ್ಟು ಕೊಬ್ಬಿದೆ, ಹೆಚ್ಚಿನದು ಮೊಳಕೆಯ ಭಾಗದಲ್ಲಿ. ಕಾಳು ಇಡಿಯಾಗಿರುವಾಗ ಅದು ಭದ್ರ. ಗಿರಣಿಯಲ್ಲಿ ಒಡೆದ ಗಳಿಗೆಯಿಂದ ಕೊಬ್ಬು, ಅದನ್ನು ಒಡೆಯುವ ಕಿಣ್ವ, ಗಾಳಿ ಮೂರೂ ಒಂದಾಗುತ್ತವೆ. ದಿನ ಕಳೆದಂತೆ ಹಿಟ್ಟು ಕಮಟುತ್ತದೆ, ರೊಟ್ಟಿಗೆ ಕಹಿ ಬರುತ್ತದೆ. ಹಳೇ ಹಿಟ್ಟಿಗೆ ಜಿಗಿ ಇರೋದಿಲ್ಲ ಎಂದು ಹೆಣ್ಣುಮಕ್ಕಳು ಹೇಳುತ್ತಾರೆ. ಹೀಗಾಗಿ ವಿಧಾನವೊಂದನ್ನು ಪರೀಕ್ಷಿಸುವವರು ಹಿಟ್ಟು ಬೀಸಿಸಿದ ದಿನವನ್ನು ಡಬ್ಬಿಯ ಮೇಲೆ ಬರೆದಿಡಬೇಕು, ಒಂದೇ ಹಿಟ್ಟಿನಲ್ಲಿ ಎರಡು ವಿಧಾನ ಮಾಡಿ ನೋಡಬೇಕು. ಹಿಟ್ಟು, ನೀರು, ಒಲೆ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ.

ಹಂಚಿನ ಮೇಲಿನ ಕೆಲಸವನ್ನು ಹಲವು ವಿಡಿಯೊಗಳು ಓಡಿಸಿಬಿಡುತ್ತವೆ. ರೊಟ್ಟಿ ಹಾಕಿದ ಕೂಡಲೆ ಒದ್ದೆ ಅರಿವೆಯಿಂದ ಮೇಲ್ಮೈ ಸವರುವುದು ಬರೀ ಹಿಟ್ಟಿನ ಪುಡಿ ಒರೆಸಲಿಕ್ಕಲ್ಲ. ಆ ನೀರು ಮೇಲಿನ ಪದರದ ಪಿಷ್ಟಕ್ಕೆ ಬೇಯಲು ಬೇಕು. ಮಗುಚಿದಾಗ ಆ ಪದರ ಬೆಂದು ಬಿರುಕಿಲ್ಲದ ತೊಗಲಾಗುತ್ತದೆ. ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರ್ ಜಾಗ ಬೇಕು. ತೊಗಲು ಗಟ್ಟಿಯಿದ್ದರೆ ಆವಿ ಒಳಗೇ ಸಿಕ್ಕಿ ರೊಟ್ಟಿ ಉಬ್ಬುತ್ತದೆ, ಇಲ್ಲದಿದ್ದರೆ ಬಿರುಕಿನಲ್ಲಿ ಪಾರಾಗುತ್ತದೆ. ಒಂದು ರೊಟ್ಟಿಗೆ ಅರ್ಧ ಭಾಗ ಮಾತ್ರ ನೀರು ಸವರಿ ನೋಡಿದೆವು. ಸವರದ ಅರ್ಧ ಬಿಳಿಚಿಕೊಂಡು ಸೀಳಿತು, ಅಲ್ಲಿಂದಲೇ ಆವಿ ಹೊರಟಿತು.

ಊರಿಂದ ದೂರ, ಇಂಡಕ್ಷನ್ ಒಲೆಯ ಮೇಲೆ ರೊಟ್ಟಿ ಮಾಡುವವರಿಗೆ ಒಂದು ದಾರಿ ಇದೆ. ನೀರನ್ನು ಹಿಟ್ಟಿಗೆ ಸುರಿಯುವ ಬದಲು, ಕುದಿಯುವ ನೀರಿನ ಪಾತ್ರೆಗೇ ಅರ್ಧದಷ್ಟು ಹಿಟ್ಟು ಹಾಕಿ, ಒಲೆ ಆರಿಸಿ, ಮುಚ್ಚಿ ಎರಡು ನಿಮಿಷ ಬಿಡಿ. ಪಾತ್ರೆಯೂ ಬಿಸಿಯಾಗಿರುವುದರಿಂದ ಶಾಖ ಸೋರಿಹೋಗುವುದಿಲ್ಲ. ಉಳಿದರ್ಧ ಹಿಟ್ಟನ್ನು ಪರಾತದಲ್ಲಿ ಅದಕ್ಕೆ ಕೂಡಿಸಿ, ಕೈ ತಾಳುವಷ್ಟು ಬಿಸಿ ಇರುವಾಗಲೇ ನಾದಿ ಬಡಿಯಿರಿ. ಅಂಚು ಸೀಳಿದರೆ ಮುಂದಿನ ಸಲ ಪಾತ್ರೆಗೆ ಹಾಕುವ ಹಿಟ್ಟನ್ನು ಸ್ವಲ್ಪ ಹೆಚ್ಚಿಸಿ, ಕೈಗೆ ಮೆತ್ತಿದರೆ ಇಳಿಸಿ. ಬೇರೇನನ್ನೂ ಬದಲಿಸಬೇಡಿ.