ಪಫಿನ್ ಮನೆ ಬಾಗಿಲಲ್ಲಿ

ನನ್ನ ಮಗಳ ಸಂಸಾರ ಗ್ಲಾಸ್ಗೋ ನಗರದಲ್ಲಿದೆ. ಕಳೆದ ಜೂನ್ ಕೊನೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಒಂಬತ್ತು ವರ್ಷದ ಮೊಮ್ಮಗಳು ಪಕ್ಕದಲ್ಲಿ ಕೂತು ಒಂದು ಹಕ್ಕಿಯ ಚಿತ್ರ ತೋರಿಸಿದಳು. ಕರಿ ಕೋಟು, ಬಿಳಿ ಅಂಗಿ, ಕಿತ್ತಳೆ ಬಣ್ಣದ ಕಾಲು, ಬಣ್ಣ ಬಳಿದಂಥ ದಪ್ಪ ಕೊಕ್ಕು.

“ತಾತ, ಇದು ಪಫಿನ್. ನೋಡೋಕೆ ದೋಣೀಲಿ ಹೋಗ್ಬೇಕು. ಬರ್ತೀಯಾ?”

ಎಪ್ಪತ್ಮೂರು ವರ್ಷದ ಮೊಣಕಾಲನ್ನು ಒಂದು ಮಾತೂ ಕೇಳದೆ “ಬರ್ತೀನಿ” ಅಂದುಬಿಟ್ಟೆ.

ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಎದುರಿಗೆ ಹೆಬ್ರಿಡೀಸ್ ಎಂಬ ದ್ವೀಪಗಳ ಸಮೂಹವಿದೆ. ಓಬನ್ ಎಂಬ ಊರಿನಿಂದ ಫೆರಿಯಲ್ಲಿ ಸುಮಾರು ಮುಕ್ಕಾಲು ಗಂಟೆ ಹೋದರೆ ಮಲ್ ದ್ವೀಪ. ಅದರ ಇನ್ನೊಂದು ದಡದಿಂದ ಸಣ್ಣ ದೋಣಿಗಳು ಹೊರಡುತ್ತವೆ. ನಮ್ಮ ದೋಣಿಯಲ್ಲಿದ್ದದ್ದು 12 ಪ್ರಯಾಣಿಕರು. ಜೂನ್ ತಿಂಗಳಾದರೂ ಗಾಳಿ ಕಿವಿ ಕಚ್ಚುತ್ತಿತ್ತು. ಸ್ವೆಟರು, ಅದರ ಮೇಲೆ ಮಳೆ ಕೋಟು, ಅದರ ಮೇಲೆ ಲೈಫ್ ಜಾಕೆಟ್ಟು. ನಾನೇ ಒಂದು ಗಂಟುಮೂಟೆಯಂತಿದ್ದೆ.

ಬಂಡೆಗಳ ಮೇಲೆ ಸೀಲ್‌ಗಳು ಹೊಟ್ಟೆ ಚಾಚಿ ಮಲಗಿದ್ದವು. ಸ್ವಲ್ಪ ಹೊತ್ತಿಗೆ ಬಿಳಿ ಬಾಲದ ಕಡಲ ಹದ್ದು ಕಾಣಿಸಿತು. ಅದು ರೆಕ್ಕೆ ಬಿಚ್ಚಿದರೆ ಎರಡು ಮೀಟರಿಗೂ ಹೆಚ್ಚು ಅಗಲ. ಬೇಟೆ ಮತ್ತು ವಿಷದಿಂದ ಈ ಹದ್ದು 1918ರ ಹೊತ್ತಿಗೆ ಬ್ರಿಟನ್ನಿನಲ್ಲಿ ನಿರ್ನಾಮವಾಗಿತ್ತು. 1975ರಿಂದ ನಾರ್ವೆಯ ಮರಿಗಳನ್ನು ತಂದು ರಮ್ ಎಂಬ ದ್ವೀಪದಲ್ಲಿ ಬಿಟ್ಟರು. 1985ರಲ್ಲಿ ಮಲ್ ದ್ವೀಪದ ಗೂಡೊಂದರಲ್ಲಿ ಮತ್ತೆ ಮರಿ ಬೆಳೆದು ಹಾರಿತು. ಕಳೆದವರೂ ಮನುಷ್ಯರೇ, ಮರಳಿ ತಂದವರೂ ಮನುಷ್ಯರೇ.

ಮುಂದೆ ಸ್ಟ್ಯಾಫ಼ಾ ದ್ವೀಪ. ಅಲೆ ಜೋರಾಗಿದ್ದುದರಿಂದ ಅಲ್ಲಿ ಇಳಿಯಲಾಗಲಿಲ್ಲ. ಫಿಂಗಲ್ಸ್ ಕೇವ್ ಎಂಬ ಗುಹೆಯ ಎದುರು ದೋಣಿ ನಿಧಾನ ಮಾಡಿದರು. ಗುಹೆಯ ಗೋಡೆಯ ತುಂಬ ಕಲ್ಲಿನ ಕಂಬಗಳು, ಹೆಚ್ಚಿನವಕ್ಕೆ ಆರು ಮುಖ. ಕೆತ್ತಿದವರು ಯಾರೂ ಇಲ್ಲ. ಕೆರೆ ಬತ್ತಿದಾಗ ಕೆಸರು ಬಿರುಕು ಬಿಡುತ್ತದಲ್ಲ, ಹಾಗೆಯೇ ಕುದಿಯುವ ಲಾವಾ ತಣ್ಣಗಾಗಿ ಕುಗ್ಗುವಾಗ ಬಿರುಕು ಬಿಟ್ಟು ಈ ಕಂಬಗಳಾದವು. ನಮ್ಮ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪದ ಕಂಬಗಳೂ ಹೀಗೇ ಆದವು. ಜರ್ಮನಿಯ ಸಂಗೀತಗಾರ ಮೆಂಡೆಲ್‌ಸನ್ 1829ರಲ್ಲಿ, ತನ್ನ 20ನೇ ವಯಸ್ಸಿನಲ್ಲಿ, ಇಲ್ಲಿಗೆ ಬಂದಿದ್ದ. ಈ ಪ್ರವಾಸದ ನೆನಪಿನಲ್ಲಿ ‘ಹೆಬ್ರಿಡೀಸ್’ ಎಂಬ ಪ್ರಸಿದ್ಧ ಕೃತಿ ರಚಿಸಿದ. ದೋಣಿಯಲ್ಲಿ ಮಾತ್ರ ಅವನಿಗೆ ಹೊಟ್ಟೆ ತೊಳೆಸಿ ಸುಸ್ತಾಗಿತ್ತಂತೆ. ಇದನ್ನು ಕೇಳಿ ನನಗೆ ಸ್ವಲ್ಪ ಸಮಾಧಾನವಾಯಿತು!

ಕೊನೆಗೆ ಲುಂಗಾ ದ್ವೀಪ. ಅಲ್ಲಿ ಜನವಸತಿ ಇಲ್ಲ. ಪಾಚಿ ಹಿಡಿದ ಗುಂಡುಕಲ್ಲುಗಳ ಮೇಲೆ ನಡೆದು ದಡ ಸೇರಬೇಕು. ಮೊಮ್ಮಗಳು ನನ್ನ ಕೈ ಹಿಡಿದು, “ಇಲ್ಲಿ ಕಾಲಿಡು ತಾತ, ಅಲ್ಲಿ ಜಾರತ್ತೆ” ಎನ್ನುತ್ತ ದಾಟಿಸಿದಳು. ಅವಳಿಗೆ ನಡೆಯಲು ಕಲಿಸಿದವನು ನಾನು!

ಗುಡ್ಡ ಹತ್ತಿದರೆ ಹುಲ್ಲಿನ ಅಂಚಿನ ತುಂಬ ಪಫಿನ್‌ಗಳು. ಪಾರಿವಾಳಕ್ಕಿಂತ ದೊಡ್ಡದಲ್ಲದ ಹಕ್ಕಿ, ನಮ್ಮಿಂದ ನಾಲ್ಕೇ ಅಡಿ ದೂರದಲ್ಲಿ ಗಂಭೀರವಾಗಿ ಓಡಾಡುತ್ತಿತ್ತು. ಮನುಷ್ಯರಿದ್ದ ಕಡೆ ಪಫಿನ್‌ನ ಶತ್ರುಗಳಾದ ದೊಡ್ಡ ಕಡಲಹಕ್ಕಿಗಳು ಬರಲು ಅಂಜುತ್ತವೆ, ಅದಕ್ಕೇ ಇವು ನಮ್ಮ ಪಕ್ಕದಲ್ಲಿ ಧೈರ್ಯವಾಗಿರುತ್ತವೆ ಎಂದು ದೋಣಿಯ ಹುಡುಗಿ ಹೇಳಿದಳು. ನಾವು ಕಾವಲುಗಾರರು ಎಂದು ಕೇಳಿ ನನ್ನ ಎದೆ ಉಬ್ಬಿತು. ಫೋನು ತೆಗೆದು ಫೋಟೋ ಹಿಡಿಯುತ್ತ ನಿಂತೆ.

ಒಂದು ಪಫಿನ್ ಕೊಕ್ಕಿನ ತುಂಬ ಬೆಳ್ಳಿಯಂಥ ಮೀನು ಅಡ್ಡಲಾಗಿ ಕಚ್ಚಿಕೊಂಡು ಹಾರಿ ಬಂತು. ಇಳಿಯಲಿಲ್ಲ. ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು. ಮೊಮ್ಮಗಳು ನನ್ನ ಕೋಟು ಜಗ್ಗಿದಳು.

“ತಾತ, ನೀನು ಅದರ ಮನೆ ಬಾಗಿಲಲ್ಲಿ ನಿಂತಿದ್ದೀಯ!”

ನೋಡಿದರೆ ನನ್ನ ಬೂಟಿನ ಮುಂದೆಯೇ ಬಿಲ. ಮಕ್ಕಳೇ, ಪಫಿನ್ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ, ಅದೂ ನೆಲದೊಳಗಿನ ಬಿಲದಲ್ಲಿ. ತಂದೆ ತಾಯಿ ಇಬ್ಬರೂ ಸುಮಾರು ಆರು ವಾರ ಕಾವು ಕೊಡುತ್ತವೆ. ಆಮೇಲೆ ಇಬ್ಬರೂ ಕಡಲಿಗೆ ಹೋಗಿ ಸ್ಯಾಂಡ್ ಈಲ್ ಎಂಬ ಸಪೂರ ಮೀನು ತರುತ್ತವೆ. ಹಿಡಿದ ಮೀನನ್ನು ನಾಲಗೆಯಿಂದ ಅಂಗುಳಿನ ಮುಳ್ಳುಗಳಿಗೆ ಒತ್ತಿ ಹಿಡಿದು ಇನ್ನೊಂದಕ್ಕೆ ಬಾಯಿ ಹಾಕಬಲ್ಲವು. ಹೀಗೆ ಒಂದೇ ಸಲಕ್ಕೆ ಹತ್ತು ಮೀನು ಸಾಮಾನ್ಯ. ಈ ಮೀನು ಕಡಿಮೆಯಾದರೆ ಮರಿಗೆ ಉಪವಾಸ. ಅದಕ್ಕೇ 2024ರ ಮಾರ್ಚ್‌ನಲ್ಲಿ ಸ್ಕಾಟ್ಲೆಂಡ್ ಸರ್ಕಾರ ತನ್ನ ಎಲ್ಲ ಕಡಲ ಪ್ರದೇಶದಲ್ಲೂ ಸ್ಯಾಂಡ್ ಈಲ್ ಹಿಡಿಯುವುದನ್ನು ನಿಲ್ಲಿಸಿತು.

ಇಷ್ಟು ಕಷ್ಟಪಟ್ಟು ತಂದ ಊಟಕ್ಕೆ ನಾನು ಅಡ್ಡ ನಿಂತಿದ್ದೆ. ಬ್ಯಾಂಕಿನಲ್ಲಿ ಕ್ಯಾಶ್ ಕೌಂಟರ್ ಹಿಂದೆ ಕೂತ ವರ್ಷಗಳಲ್ಲಿ, ಕೆಲಸ ಮುಗಿದರೂ ಕಿಟಕಿ ಬಿಡದೆ ನಿಂತು ಮಾತಾಡುವವರಿಗೆ “ಸ್ವಲ್ಪ ಪಕ್ಕಕ್ಕೆ ಬನ್ನಿ, ಹಿಂದೆ ಜನ ಕಾಯ್ತಿದ್ದಾರೆ” ಎಂದು ಎಷ್ಟು ಸಲ ಹೇಳಿದ್ದೆನೋ! ಈಗ ಆ ಗಿರಾಕಿ ನಾನೇ.

ಮೆಲ್ಲಗೆ ಹಿಂದೆ ಸರಿದು, ಬಿಲಗಳಿಲ್ಲದ ಜಾಗ ನೋಡಿ ಕೂತೆ. ಫೋನು ಜೇಬಿಗೆ ಹಾಕಿದೆ. ಮೊಮ್ಮಗಳು ಉಸಿರು ಬಿಗಿಹಿಡಿದಿದ್ದಳು. ಹಕ್ಕಿ ಮೂರನೆಯ ಸುತ್ತಿಗೆ ಇಳಿಯಿತು. ಅತ್ತಿತ್ತ ನೋಡಿ, ನಾಲ್ಕು ಹೆಜ್ಜೆ ಓಡಿ, ಬಿಲದೊಳಗೆ ಮಾಯವಾಯಿತು. ಮತ್ತೆ ಹೊರಬಂದಾಗ ಕೊಕ್ಕು ಖಾಲಿ.

“ಮರಿ ಊಟ ಮಾಡ್ತು” ಎಂದು ಮೊಮ್ಮಗಳು ಪಿಸುಗುಟ್ಟಿದಳು.

ನಾನು ತೆಗೆದ ಫೋಟೋಗಳಲ್ಲಿ ಅರ್ಧ ಬರೀ ಆಕಾಶ. ಊರಿಗೆ ತಂದದ್ದು ಅವಳು ಬರೆದ ಚಿತ್ರವನ್ನು. ನಡುವೆ ಮೀನು ಕಚ್ಚಿಕೊಂಡ ದೊಡ್ಡ ಪಫಿನ್, ಮೂಲೆಯಲ್ಲಿ ಕೈಕಟ್ಟಿ ಕೂತ ಒಬ್ಬ ಪುಟ್ಟ ಮುದುಕ. ಕೆಳಗೆ ಸೊಟ್ಟ ಕನ್ನಡದಲ್ಲಿ ಬರೆದಿದ್ದಾಳೆ: “ತಾತ ಜಾಗ ಬಿಟ್ಟ.”