ತಂದೆತಾಯಿಯ ಅಧಿಕಾರ ಪತ್ರ: ಹಿಡಿದವರ ಹೊಣೆ

ಚಾಮರಾಜನಗರ, ಗುಂಡ್ಲುಪೇಟೆಯ ಕಡೆ ಅರಿಶಿನ ಕಿತ್ತು, ಬೇಯಿಸಿ, ಮಾರುವ ಹೊತ್ತಿಗೆ ಜಮೀನಿನ ಯಜಮಾನರಿಗೆ ಓಡಾಡುವ ಶಕ್ತಿ ಇಲ್ಲದಿದ್ದರೆ ಮಗನೋ ಮಗಳೋ ಅವರ ಪರವಾಗಿ ಬ್ಯಾಂಕಿಗೆ, ತಾಲ್ಲೂಕು ಕಚೇರಿಗೆ ಹೋಗಬೇಕಾಗುತ್ತದೆ. ಇದಕ್ಕಾಗಿ ತಂದೆ ಅಥವಾ ತಾಯಿ ಬರೆದುಕೊಡುವುದೇ ಅಧಿಕಾರ ಪತ್ರ, ಅಂದರೆ ಪವರ್ ಆಫ್ ಅಟಾರ್ನಿ.

ಪತ್ರ ಕೈಗೆ ಬಂದ ಮಾತ್ರಕ್ಕೆ ಜಮೀನು ನಿಮ್ಮದಾಗುವುದಿಲ್ಲ. ಅರಿಶಿನ ಮಾರಿ ಬಂದ ಹಣ ಅವರದು. ಕೇಳಿದಾಗ ಲೆಕ್ಕ ಒಪ್ಪಿಸಬೇಕೆಂದು 1872ರ ಕರಾರು ಕಾಯಿದೆ ಹೇಳುತ್ತದೆ. ಆದ್ದರಿಂದ ಹಣವನ್ನು ಅವರ ಖಾತೆಗೇ ಕಟ್ಟಿ, ಗೊಬ್ಬರ, ಕೂಲಿ, ಔಷಧಿಯ ಖರ್ಚನ್ನು ರಸೀತಿಗಳೊಡನೆ ಪುಸ್ತಕದಲ್ಲಿ ಬರೆದಿಡಿ. ಇಷ್ಟು ಮಾಡಿದರೆ ಒಡಹುಟ್ಟಿದವರ ಮನಸ್ತಾಪ ಅರ್ಧ ತಪ್ಪುತ್ತದೆಂದು ನನ್ನ ಭಾವನೆ. ವಿಷಯ ಮರೆಮಾಚಿ ಅವರ ಜಮೀನನ್ನು ನೀವೇ ಕೊಂಡುಕೊಂಡರೆ ಆ ವ್ಯವಹಾರವನ್ನು ಅವರು ತಳ್ಳಿಹಾಕಬಹುದು.

ಮತ್ತೊಂದು ಅಪಾಯವನ್ನು ರೈತ ಬಾಂಧವರು ವಿಶೇಷವಾಗಿ ಗಮನಿಸಬೇಕು. ಬರೆದುಕೊಟ್ಟವರು ತೀರಿಕೊಂಡಾಗ ಮಾತ್ರವಲ್ಲ, ಅವರ ಬುದ್ಧಿ ಸ್ವಾಧೀನ ತಪ್ಪಿದಾಗಲೂ ಇಂಥ ಪತ್ರ ಅಲ್ಲಿಗೆ ಮುಗಿಯುತ್ತದೆ. ಮರೆವಿನ ಕಾಯಿಲೆ ಬಲಿತಾಗ ಬೇಕಾದೀತೆಂದು ಮಾಡಿಸಿಟ್ಟದ್ದು ಆಗಲೇ ಕೈಕೊಡುತ್ತದೆ! ಕಾನೂನುಬದ್ಧ ಪಾಲಕರ ನೇಮಕಕ್ಕೆ ನ್ಯಾಯಾಲಯಕ್ಕೇ ಹೋಗಬೇಕು. ತಿಳಿದೂ ಹಳೆಯ ಪತ್ರ ತೋರಿಸಿ ಹಣ ತೆಗೆದರೆ ಹೊಣೆ ನಿಮ್ಮ ತಲೆಗೆ ಬರುತ್ತದೆ.

ಬೆಳೆ ಸಾಲ, ಬೆಳೆ ಮಾರಾಟ, ಪಹಣಿ ಕೆಲಸ ಎಂದು ಬೇಕಾದಷ್ಟನ್ನೇ ಸರ್ವೆ ನಂಬರಿನೊಡನೆ ಬರೆಸಿ. ಅಗತ್ಯವಿಲ್ಲದಿದ್ದರೆ ಜಮೀನು ಮಾರುವ ಅಧಿಕಾರ ಸೇರಿಸಬೇಡಿ. ಉಪನೋಂದಣಾಧಿಕಾರಿಗಳ ಕಚೇರಿಗೆ ಬರಲಾಗದಷ್ಟು ಅಶಕ್ತರಾಗಿದ್ದರೆ ಅಧಿಕಾರಿಯೇ ಮನೆಗೆ ಬಂದು ವಿಚಾರಿಸಲು 1908ರ ನೋಂದಣಿ ಕಾಯಿದೆಯಲ್ಲಿ ಅವಕಾಶವಿದೆ.